ರಾಡು ಕಾಯಲೆಂದೇ ಇರುವುದು, ಪ್ಲಗ್ ಏಕೆ ಕಾದಿತು?

ಒಂದು ಚಳಿಗಾಲದ ಬೆಳಿಗ್ಗೆ ಬಾಡಿಗೆ ಮನೆಯ ಬಚ್ಚಲಿನಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಹೋಗಿ ನೋಡಿದರೆ ನೀರು ಕಾಯಿಸುವ ರಾಡು ಬಕೆಟ್ಟಿನಲ್ಲಿ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು; ನೀರೂ ಹದವಾಗಿ ಕಾದಿತ್ತು. ಸುಟ್ಟದ್ದು ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದ್ದ ಪ್ಲಗ್. ಅದರ ಒಂದು ಪಿನ್ನಿನ ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಕರೆಂಟು ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್ಚು, ಎಂಸಿಬಿ, ಬಿದ್ದಿರಲಿಲ್ಲ. ಬಂದ ಎಲೆಕ್ಟ್ರಿಷಿಯನ್ ‘ಲೂಸ್ ಕಾಂಟ್ಯಾಕ್ಟ್’ ಎಂದು ಎರಡೇ ಮಾತಿನಲ್ಲಿ ತೀರ್ಪು ಕೊಟ್ಟು, ಸಾಕೆಟ್ ಬದಲಿಸಿ ಹೋದರು.

ತೀರ್ಪು ಸರಿಯಾಗಿಯೇ ಇತ್ತು. ಆದರೆ ಮನೆಯೊಡೆಯರ ಮಗಳು, ಆ ವರ್ಷ ಹತ್ತನೆಯ ತರಗತಿಯಲ್ಲಿದ್ದವಳು, ಸುಟ್ಟ ಪ್ಲಗ್ಗನ್ನು ತಿರುಗಿಸಿ ನೋಡುತ್ತ ಕೇಳಿದಳು: “ಲೂಸ್ ಇದ್ದರೆ ಕರೆಂಟು ಕಡಿಮೆ ಹರಿಯಬೇಕಲ್ಲವೇ ಅಂಕಲ್? ಕಡಿಮೆ ಹರಿದರೆ ಬಿಸಿ ಹೆಚ್ಚಾಗುವುದು ಹೇಗೆ?”

ಅವಳ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ, ಗುಣಿಸಿದರೆ ಸಾಮರ್ಥ್ಯ ಎಂಬ ಎರಡು ಸೂತ್ರಗಳು ಅವಳಿಗೆ ಬಾಯಿಪಾಠವಾಗಿದ್ದವು. ಮೂರು ಅಕ್ಷರಗಳನ್ನು ತ್ರಿಕೋನದೊಳಗೆ ಬರೆದು, ಬೇಕಾದುದನ್ನು ಬೆರಳಿನಿಂದ ಮುಚ್ಚಿ ಉತ್ತರ ತೆಗೆಯುವ ಉಪಾಯವೂ ಗೊತ್ತಿತ್ತು. ಆ ತ್ರಿಕೋನದ ಮೇಲೆ ನನಗೆ ಹಳೆಯ ಸಿಟ್ಟಿದೆ. ಅಂಕ ತಂದುಕೊಡುತ್ತದೆ, ನಿಜ. ಪ್ಲಗ್ ಏಕೆ ಸುಟ್ಟಿತು ಎಂದು ಕೇಳಿದರೆ ಮಾತ್ರ ಬಾಯಿ ಬಿಡುವುದಿಲ್ಲ.

ಮೊದಲು ಅಳತೆಗೆ ಬರೋಣ. ರಾಡಿನ ಮೇಲೆ 230 ವೋಲ್ಟ್, 1500 ವಾಟ್ ಎಂದು ಬರೆದಿತ್ತು. ಮೋಟಾರ್ ವೈಂಡಿಂಗ್ ಅಂಗಡಿಯ ಗೆಳೆಯರೊಬ್ಬರಿಂದ, ತಂತಿಯನ್ನು ಇಕ್ಕಳದಂತೆ ಸುತ್ತುವರಿದು ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್ ತಂದು, ಹೊಸ ಸಾಕೆಟ್ಟಿನಲ್ಲಿ ರಾಡನ್ನು ಹಾಕಿ ನೋಡಿದೆ. ವೋಲ್ಟೇಜ್ 218, ಕರೆಂಟು 6.2 ಆಂಪಿಯರ್. (ಕ್ಲ್ಯಾಂಪ್ ಮೀಟರಿನ ಬಾಯಿಯೊಳಗೆ ಒಂದೇ ತಂತಿ ಇರಬೇಕು. ಹೋಗುವ ತಂತಿ, ಬರುವ ತಂತಿ ಎರಡನ್ನೂ ಸೇರಿಸಿ ಹಿಡಿದರೆ ಒಂದು ಇನ್ನೊಂದನ್ನು ಅಳಿಸಿಹಾಕಿ ಮೀಟರ್ ಸೊನ್ನೆ ತೋರಿಸುತ್ತದೆ. ನಾನೂ ಮೊದಲ ಸಲ ಸೊನ್ನೆಯನ್ನೇ ಕಂಡೆ.)

218ನ್ನು 6.2ರಿಂದ ಭಾಗಿಸಿದರೆ ಸುಮಾರು 35.2. ಇದು ರಾಡಿನ ರೋಧ, ಓಮ್‌ಗಳಲ್ಲಿ. 218ನ್ನು 6.2ರಿಂದ ಗುಣಿಸಿದರೆ ಸುಮಾರು 1352. ಇದು ಆ ಹೊತ್ತಿನಲ್ಲಿ ರಾಡು ಎಳೆಯುತ್ತಿದ್ದ ಸಾಮರ್ಥ್ಯ, ವಾಟ್‌ಗಳಲ್ಲಿ. ಲೆಕ್ಕ ಇಷ್ಟೇ.

ಗುಣಿಸಿದರೆ ವಾಟ್ ಏಕೆ ಬರುತ್ತದೆ ಎನ್ನುವುದನ್ನು ಮಾತ್ರ ಹೆಚ್ಚಿನವರು ಕೇಳಿಕೊಳ್ಳುವುದಿಲ್ಲ. ಟೊಮೆಟೊ ಮಾರುವವನನ್ನು ನೆನೆಯಿರಿ. ಕಿಲೋಗೆ 30 ರೂಪಾಯಿ, ದಿನಕ್ಕೆ 40 ಕಿಲೋ. ಎರಡನ್ನೂ ಗುಣಿಸಿದರೆ ‘ಕಿಲೋ’ ಬಿದ್ದುಹೋಗಿ ದಿನಕ್ಕೆ 1200 ರೂಪಾಯಿ ಎಂದು ಉಳಿಯುತ್ತದೆ. ವಿದ್ಯುತ್ತಿನ ಲೆಕ್ಕವೂ ಹೀಗೆಯೇ. ವೋಲ್ಟ್ ಎಂದರೆ ದರ: ಒಂದು ಕೂಲಂಬ್ ವಿದ್ಯುದಾವೇಶ ಸಾಗಿದರೆ ಇಷ್ಟು ಜೌಲ್ ಶಕ್ತಿ. ಆಂಪಿಯರ್ ಎಂದರೆ ಮಾಲು ಸಾಗುವ ವೇಗ: ಸೆಕೆಂಡಿಗೆ ಇಷ್ಟು ಕೂಲಂಬ್. ಗುಣಿಸಿದಾಗ ಕೂಲಂಬ್ ಬಿದ್ದುಹೋಗಿ ಸೆಕೆಂಡಿಗೆ ಇಷ್ಟು ಜೌಲ್ ಎಂದು ಉಳಿಯುತ್ತದೆ. ಸೆಕೆಂಡಿಗೆ ಒಂದು ಜೌಲ್‌ಗೆ ವಾಟ್ ಎಂಬ ಹೆಸರಿಟ್ಟಿದ್ದಾರೆ, ಅಷ್ಟೇ.

ಈಗ ಹುಡುಗಿಯ ಪ್ರಶ್ನೆ. ಸಾಮರ್ಥ್ಯದ ಸೂತ್ರದೊಳಗೆ ರೋಧದ ಸೂತ್ರವನ್ನು ಸೇರಿಸಿದರೆ ಎರಡು ಹೊಸ ರೂಪಗಳು ಹುಟ್ಟುತ್ತವೆ. ಒಂದು, ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸುವುದು. ಇನ್ನೊಂದು, ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸುವುದು. ಮೊದಲನೆಯದು ರೋಧ ಹೆಚ್ಚಿದಷ್ಟೂ ಬಿಸಿ ಹೆಚ್ಚು ಎನ್ನುತ್ತದೆ, ಎರಡನೆಯದು ರೋಧ ಹೆಚ್ಚಿದಷ್ಟೂ ಬಿಸಿ ಕಡಿಮೆ ಎನ್ನುತ್ತದೆ. ಪಠ್ಯಪುಸ್ತಕದಲ್ಲಿ ಎರಡೂ ಅಕ್ಕಪಕ್ಕದಲ್ಲೇ ಇರುತ್ತವೆ. ಇವು ಒಂದರೊಡನೊಂದು ಜಗಳವಾಡುತ್ತಿವೆಯಲ್ಲ ಎಂದು ಯಾವ ಪರೀಕ್ಷೆಯೂ ಕೇಳುವುದಿಲ್ಲ.

ಜಗಳ ಬಿಡಿಸಬೇಕಾದರೆ ಸೂತ್ರವನ್ನು ಪಕ್ಕಕ್ಕಿಟ್ಟು ಒಂದು ಮಾತು ಕೇಳಬೇಕು: ಇಲ್ಲಿ ಬದಲಾಗದೆ ನಿಂತಿರುವುದು ಯಾವುದು? ವೋಲ್ಟೇಜೋ, ಕರೆಂಟೋ?

ಬಚ್ಚಲಿನಲ್ಲಿ ರಾಡಿಗೆ ಗೋಡೆಯ ಸಾಕೆಟ್ಟು ಕೊಡುವುದು ಸುಮಾರು 230 ವೋಲ್ಟ್. ನೀವು 1000 ವಾಟ್ ರಾಡು ಹಾಕಿದರೂ ಅಷ್ಟೇ, 2000 ವಾಟ್ ರಾಡು ಹಾಕಿದರೂ ಅಷ್ಟೇ. ವೋಲ್ಟೇಜ್ ನಿಂತಿದೆ, ಎಷ್ಟು ಕರೆಂಟು ಎಳೆಯಬೇಕೆಂದು ತೀರ್ಮಾನಿಸುವುದು ರಾಡಿನ ರೋಧ. ಆದ್ದರಿಂದ ಇಲ್ಲಿ ಎರಡನೆಯ ರೂಪಕ್ಕೆ ಅಧಿಕಾರ. 1500 ವಾಟ್ ರಾಡಿಗೆ 35 ಓಮ್ ಆದರೆ 1000 ವಾಟ್ ರಾಡಿಗೆ ಸುಮಾರು 53 ಓಮ್. ಹೆಚ್ಚು ಕಾಯಿಸುವ ರಾಡಿಗೆ ಕಡಿಮೆ ರೋಧ. ಇದನ್ನು ಮೊದಲು ಕೇಳಿದಾಗ ತಲೆಕೆಳಗಾದಂತೆ ಅನ್ನಿಸುವುದು ಸಹಜ.

ಪ್ಲಗ್ಗಿನ ಪಿನ್ನಿನ ಕಥೆ ಬೇರೆ. ಪಿನ್ನು ಮತ್ತು ಸಾಕೆಟ್ಟಿನ ಹಿತ್ತಾಳೆ ಪಟ್ಟಿ ಒಂದನ್ನೊಂದು ಬಿಗಿಯಾಗಿ ಹಿಡಿಯದಿದ್ದರೆ ಅವು ತಾಗುವ ಜಾಗ ಸಾಸಿವೆಕಾಳಿಗಿಂತಲೂ ಚಿಕ್ಕದಾಗುತ್ತದೆ. ಆ ಜಾಗದ ರೋಧ ಅರ್ಧ ಓಮ್ ಎಂದು ಇಟ್ಟುಕೊಳ್ಳಿ. ಈ ಅರ್ಧ ಓಮ್ ರಾಡಿನ 35 ಓಮ್‌ನೊಂದಿಗೆ ಸಾಲಾಗಿ ನಿಂತಿದೆ; ರಾಡಿಗೆ ಹೋಗುವ ಕರೆಂಟೆಲ್ಲ ಇದರ ಮೂಲಕವೇ ಹೋಗಬೇಕು. ಎಷ್ಟು ಕರೆಂಟು ಎಂಬುದನ್ನು ರಾಡು ಆಗಲೇ ತೀರ್ಮಾನಿಸಿಯಾಗಿದೆ. 230 ವೋಲ್ಟ್ ಇದ್ದರೆ, ಪಿನ್ನು ಸರಿ ಇದ್ದಾಗ ಸುಮಾರು 6.5 ಆಂಪಿಯರ್, ಸಡಿಲವಾದಾಗ ಸುಮಾರು 6.4. ಅಂದರೆ ಹುಡುಗಿ ಹೇಳಿದಂತೆ ಕರೆಂಟು ಕಡಿಮೆಯಾದದ್ದು ನಿಜ, ಆದರೆ ನೂರಕ್ಕೆ ಒಂದೂವರೆ ಪಾಲು ಮಾತ್ರ. ಪಿನ್ನಿನ ರೋಧವಾದರೋ ಹತ್ತಾರು ಪಟ್ಟು, ನೂರಾರು ಪಟ್ಟು ಏರಿದೆ. ಇಲ್ಲಿ ನಿಂತದ್ದು ಕರೆಂಟು. ಅಧಿಕಾರ ಮೊದಲನೆಯ ರೂಪಕ್ಕೆ: 6.4ರ ವರ್ಗ ಸುಮಾರು 41, ಅದರ ಅರ್ಧ ಸುಮಾರು 20 ವಾಟ್.

ಇಪ್ಪತ್ತು ವಾಟ್ ಏನು ಮಹಾ ಎನ್ನಬಹುದು. ರೇಡಿಯೊ ರಿಪೇರಿಯವರು ಬೆಸುಗೆಗೆ ಬಳಸುವ ಐರನ್ನು 25 ವಾಟ್‌ನದು. ಅದು ಸೀಸ ಕರಗಿಸುತ್ತದೆ. ಅದೇ ಶಾಖ ಒಂದು ಪಿನ್ನಿನ ಬುಡದಲ್ಲಿ ಇಪ್ಪತ್ತು ನಿಮಿಷ ಕೂತರೆ ಪ್ಲಾಸ್ಟಿಕ್ಕಿನ ಗತಿ ಏನೆಂದು ಹೇಳಬೇಕಿಲ್ಲ. ಎಂಸಿಬಿ ಏಕೆ ಸುಮ್ಮನಿತ್ತು ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಅದು ನೋಡುವುದು ಕರೆಂಟು ಮಿತಿ ಮೀರಿತೇ ಎಂದು. ಇಲ್ಲಿ ಕರೆಂಟು ಇಳಿದಿತ್ತು!

ಅದೇ ಸಡಿಲ ಸಾಕೆಟ್ಟಿನಲ್ಲಿ ನಾನು ತಿಂಗಳುಗಟ್ಟಲೆ ಮೊಬೈಲ್ ಚಾರ್ಜ್ ಮಾಡಿದ್ದೆ, ಏನೂ ಆಗಿರಲಿಲ್ಲ. ಚಾರ್ಜರ್ ಎಳೆಯುವುದು ಸುಮಾರು 0.05 ಆಂಪಿಯರ್. ರಾಡಿನ ಕರೆಂಟು ಅದರ 130 ಪಟ್ಟು. ಬಿಸಿ ಕರೆಂಟಿನ ವರ್ಗವನ್ನು ಹಿಂಬಾಲಿಸುವುದರಿಂದ 130 ಪಟ್ಟಲ್ಲ, ಸುಮಾರು 17,000 ಪಟ್ಟು. ಚಾರ್ಜರಿನ ಕಾಲದಲ್ಲಿ ಆ ಪಿನ್ನು ಒಂದು ವಾಟ್‌ನ ಸಾವಿರದ ಒಂದು ಪಾಲಿನಷ್ಟು ಕಾಯುತ್ತಿತ್ತು. ‘ಇಷ್ಟು ದಿನ ಏನೂ ಆಗಿರಲಿಲ್ಲವಲ್ಲ’ ಎಂಬ ಮಾತಿಗೆ ಈ ವರ್ಗವೇ ಉತ್ತರ.

ನನ್ನ ತಪ್ಪೂ ಇತ್ತು, ಮುಚ್ಚಿಡುವುದಿಲ್ಲ. ಆ ಬೋರ್ಡಿನ ಸಾಕೆಟ್ಟು 6 ಆಂಪಿಯರಿನದು. 230 ವೋಲ್ಟ್‌ನಲ್ಲಿ 6 ಆಂಪಿಯರ್ ಎಂದರೆ 1380 ವಾಟ್. 1500 ವಾಟ್ ರಾಡನ್ನು ಅದಕ್ಕೆ ಸಿಕ್ಕಿಸುವಾಗಲೇ ಈ ಗುಣಾಕಾರ ಮಾಡಬೇಕಿತ್ತು. ದಪ್ಪ ಪಿನ್ನಿನ 16 ಆಂಪಿಯರ್ ಸಾಕೆಟ್ಟು ಇರುವುದೇ ಇಂತಹವಕ್ಕೆ.

ವೈರಿನ ಲೆಕ್ಕವೂ ಕುತೂಹಲದ್ದು. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.017 ಓಮ್ ರೋಧ. ಎಕ್ಸ್‌ಟೆನ್ಷನ್ ವೈರು 0.75 ಚದರ ಮಿಲಿಮೀಟರಿನದು, ಉದ್ದ 10 ಮೀಟರ್ ಎಂದರೆ ಹೋಗಿ ಬರುವ ದಾರಿ 20 ಮೀಟರ್, ಒಟ್ಟು ರೋಧ ಸುಮಾರು 0.46 ಓಮ್. ಸಡಿಲ ಪಿನ್ನಿನಷ್ಟೇ! ಹುಟ್ಟುವ ಶಾಖವೂ ಹೆಚ್ಚುಕಡಿಮೆ ಅಷ್ಟೇ, 19 ವಾಟ್. ಆದರೆ ಅದು ಹತ್ತು ಮೀಟರ್ ಉದ್ದಕ್ಕೆ ಹರಡಿ ಗಾಳಿಗೆ ಹೋಗುವುದರಿಂದ ವೈರು ಮುಟ್ಟಿದರೆ ಬೆಚ್ಚಗಿರುತ್ತದೆ, ಅಷ್ಟೇ. ಅದೇ ವೈರನ್ನು ಅಂದವಾಗಿ ಸುರುಳಿ ಸುತ್ತಿ ಮೂಲೆಯಲ್ಲಿಟ್ಟರೆ ಒಳಸುತ್ತಿನ ಶಾಖಕ್ಕೆ ಹೊರಬೀಳಲು ದಾರಿಯೇ ಇರುವುದಿಲ್ಲ. ಸೂತ್ರ ಎಷ್ಟು ಶಾಖ ಹುಟ್ಟುತ್ತದೆ ಎಂದು ಹೇಳೀತು. ಅದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಾವೇ ನೋಡಿಕೊಳ್ಳಬೇಕು.

ಕ್ಲ್ಯಾಂಪ್ ಮೀಟರ್ ಇಲ್ಲದವರು ಮನೆಯ ಕರೆಂಟಿನ ಮೀಟರನ್ನೇ ಬಳಸಬಹುದು. ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಮಿಣುಕುವ ಪುಟ್ಟ ಕೆಂಪು ದೀಪವಿರುತ್ತದೆ. ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಎಂದು ಮುದ್ರಿಸಿರುತ್ತಾರೆ. ನನ್ನ ಮೀಟರಿನಲ್ಲಿ 3200 ಎಂದಿತ್ತು. ಒಂದು ಯೂನಿಟ್ ಎಂದರೆ 1000 ವಾಟ್ ಒಂದು ಗಂಟೆ, ಅಂದರೆ 36 ಲಕ್ಷ ಜೌಲ್. ಅದನ್ನು 3200ರಿಂದ ಭಾಗಿಸಿದರೆ ಮಿಣುಕಿಗೆ 1125 ಜೌಲ್. ಫ್ರಿಜ್ಜು, ಫ್ಯಾನು ಎಲ್ಲ ಆರಿಸಿ ರಾಡು ಮಾತ್ರ ಹಾಕಿ, ಹುಡುಗಿ ಗಡಿಯಾರ ಹಿಡಿದು ಎಣಿಸಿದಳು. ಒಂದು ನಿಮಿಷಕ್ಕೆ 72 ಮಿಣುಕು. 72ನ್ನು 1125ರಿಂದ ಗುಣಿಸಿ 60ರಿಂದ ಭಾಗಿಸಿದರೆ 1350 ವಾಟ್. ಕ್ಲ್ಯಾಂಪ್ ಮೀಟರ್ ಕೊಟ್ಟ ಉತ್ತರ 1352. ಅವಳಿಗಿಂತ ನನಗೇ ಹೆಚ್ಚು ಖುಷಿಯಾಯಿತು ಎಂದು ಒಪ್ಪಿಕೊಳ್ಳಬೇಕು.

ಮಲ್ಟಿಮೀಟರಿನಿಂದ ರೋಧವನ್ನು ನೇರವಾಗಿಯೂ ಅಳೆಯಬಹುದು. ಪ್ಲಗ್ ಕಿತ್ತು ಪಕ್ಕಕ್ಕಿಟ್ಟ ಮೇಲೆ ಮಾತ್ರ. ಕರೆಂಟು ಇರುವ ತಂತಿಗೆ ಓಮ್ ಗುರುತಿನಲ್ಲಿಟ್ಟ ಮೀಟರ್ ತಾಗಿಸಿದರೆ ಮೀಟರ್ ಹೋಗುತ್ತದೆ, ಕೆಲವೊಮ್ಮೆ ಕೈಯೂ. ತಣ್ಣಗಿದ್ದ ರಾಡು ನಮ್ಮ ಲೆಕ್ಕದ 35 ಓಮ್‌ನ ಆಸುಪಾಸಿನಲ್ಲೇ ತೋರಿಸಿತು. ಆದರೆ ಹಳೆಯ ಕಾಲದ 60 ವಾಟ್ ತಂತಿ ಬಲ್ಬೊಂದನ್ನು ಅಳೆದಾಗ ಹುಡುಗಿ ಹುಬ್ಬೇರಿಸಿದಳು. ಲೆಕ್ಕದ ಪ್ರಕಾರ 230ರ ವರ್ಗವನ್ನು 60ರಿಂದ ಭಾಗಿಸಿದರೆ 882 ಓಮ್. ಮೀಟರ್ ತೋರಿಸಿದ್ದು 65.

ಎರಡೂ ನಿಜ. ಬಲ್ಬಿನೊಳಗಿನ ಟಂಗ್‌ಸ್ಟನ್ ತಂತಿ ಉರಿಯುವಾಗ 2000 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ ಕಾದಿರುತ್ತದೆ. ಆಗ ಅದರ ರೋಧ ತಣ್ಣಗಿದ್ದಾಗಿನ ಹತ್ತು ಪಟ್ಟಿಗೂ ಹೆಚ್ಚು. ಸ್ವಿಚ್ ಹಾಕಿದ ಮೊದಲ ಕ್ಷಣದಲ್ಲಿ ಅದು 0.26 ಆಂಪಿಯರಿನ ಬದಲು ಮೂರೂವರೆ ಆಂಪಿಯರ್ ಎಳೆಯುತ್ತದೆ. ಹಳೆಯ ಬಲ್ಬುಗಳು ಉರಿಯುತ್ತಿರುವಾಗಲ್ಲ, ಸ್ವಿಚ್ ಹಾಕಿದಾಗಲೇ ‘ಟಪ್’ ಎಂದು ಹೋಗುತ್ತಿದ್ದುದು ಇದರಿಂದ. ರಾಡು, ಇಸ್ತ್ರಿಪೆಟ್ಟಿಗೆಗಳಲ್ಲಿ ಬಳಸುವ ನೈಕ್ರೋಮ್ ಮಿಶ್ರಲೋಹದ ರೋಧ ಬಿಸಿಗೆ ಅಷ್ಟಾಗಿ ಬದಲಾಗುವುದಿಲ್ಲ.

ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ ಎನ್ನುವುದು ವ್ಯಾಖ್ಯೆ. ಯಾವ ವಸ್ತುವಿಗಾದರೂ ಆ ಕ್ಷಣಕ್ಕೆ ಅನ್ವಯಿಸುತ್ತದೆ. ಉಷ್ಣತೆ ಬದಲಾಗದಿದ್ದರೆ ಆ ಭಾಗಲಬ್ಧವೂ ಬದಲಾಗುವುದಿಲ್ಲ ಎನ್ನುವುದು ಓಮ್‌ನ ನಿಯಮ. ಅದು ಲೋಹಗಳಂತಹ ಕೆಲವು ವಸ್ತುಗಳ ಗುಣ. ಜರ್ಮನಿಯ ಶಾಲಾ ಶಿಕ್ಷಕ ಗೇಯಾರ್ಗ್ ಓಮ್ ಇದನ್ನು 1827ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಅವನಿಗಿಂತ ಹತ್ತಾರು ವರ್ಷ ಮೊದಲೇ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ಇದನ್ನು ಕಂಡುಕೊಂಡಿದ್ದ. ಆಗ ಆಮೀಟರ್ ಇರಲಿಲ್ಲ. ಉಪ್ಪುನೀರು ತುಂಬಿದ ಗಾಜಿನ ಕೊಳವೆಗಳ ಮೂಲಕ ಷಾಕ್ ಹೊಡೆಸಿಕೊಂಡು, ಅದು ಎಷ್ಟು ಜೋರಾಗಿತ್ತು ಎಂಬುದರಿಂದ ಕರೆಂಟನ್ನು ಅಂದಾಜು ಮಾಡುತ್ತಿದ್ದ. ಮಹಾ ಸಂಕೋಚದ ಮನುಷ್ಯ; ಪ್ರಕಟಿಸಲೇ ಇಲ್ಲ. ಆ ಟಿಪ್ಪಣಿಗಳು ಬೆಳಕು ಕಂಡದ್ದು 1879ರಲ್ಲಿ, ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಸಂಪಾದಿಸಿದಾಗ.

ಕ್ಯಾವೆಂಡಿಶ್‌ನ ಮೀಟರನ್ನು ಯಾರೂ ಬಳಸಬಾರದು. ಒದ್ದೆ ಮೈಯ ರೋಧ 1000 ಓಮ್‌ನಷ್ಟಕ್ಕೆ ಇಳಿಯಬಹುದು. 230 ವೋಲ್ಟ್‌ಗೆ ಅದು 0.23 ಆಂಪಿಯರ್. ಪ್ರಾಣ ತೆಗೆಯಲು ಅದಕ್ಕಿಂತ ಎಷ್ಟೋ ಕಡಿಮೆ ಸಾಕು. 16 ಆಂಪಿಯರಿಗೆ ಬೀಳುವ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಮನೆಗಳಲ್ಲಿ 0.03 ಆಂಪಿಯರ್ ಸೋರಿದರೂ ಬೀಳುವ ಆರ್‌ಸಿಸಿಬಿ ಹಾಕಿಸಬೇಕೆನ್ನುವುದು ಈ ಭಾಗಾಕಾರದ ಕಾರಣಕ್ಕೆ. ರಾಡು ಹಾಕಿದ ನೀರಿಗೆ ಬೆರಳದ್ದಿ ಕಾದಿದೆಯೇ ಎಂದು ನೋಡುವ ಅಭ್ಯಾಸವಿದ್ದರೆ ಇಂದೇ ಬಿಡಿ. ಮೊದಲು ಪ್ಲಗ್ ತೆಗೆಯಿರಿ.

ವೋಲ್ಟೇಜ್ ಇಳಿದಾಗ ಏನಾಗುತ್ತದೆ ಎಂಬುದು ಹಳ್ಳಿಯವರಿಗೆ ಹೆಚ್ಚು ಗೊತ್ತು. 180 ವೋಲ್ಟ್ ಬಂದರೆ ನಮ್ಮ ರಾಡು 1500 ವಾಟ್ ಬದಲು ಸುಮಾರು 920 ವಾಟ್ ಮಾತ್ರ ಕೊಡುತ್ತದೆ. ವೋಲ್ಟೇಜ್ ಇಳಿದದ್ದು ನೂರಕ್ಕೆ 22, ಸಾಮರ್ಥ್ಯ ಇಳಿದದ್ದು ನೂರಕ್ಕೆ 39. ಇಪ್ಪತ್ತು ಲೀಟರ್ ನೀರನ್ನು 20 ಡಿಗ್ರಿ ಏರಿಸಲು ಹತ್ತೊಂಬತ್ತು ನಿಮಿಷದ ಕಡೆ ಅರ್ಧ ಗಂಟೆ. ಬಿಲ್ಲಿನಲ್ಲಿ ಮಾತ್ರ ಹೆಚ್ಚು ವ್ಯತ್ಯಾಸವಿಲ್ಲ. ನೀರು ಕೇಳುವ ಒಟ್ಟು ಶಕ್ತಿ ಅಷ್ಟೇ, ಅರ್ಧ ಯೂನಿಟ್ಟಿಗೆ ತುಸು ಕಡಿಮೆ.

ರಾಡು ಹೀಗೆ ಇದ್ದುದರಲ್ಲಿ ಹೊಂದಿಕೊಳ್ಳುತ್ತದೆ. ತೋಟದ ಪಂಪ್‌ಸೆಟ್ಟು ಹಾಗಲ್ಲ. ಬಾವಿಯ ನೀರನ್ನು ಅಷ್ಟೇ ಎತ್ತರಕ್ಕೆ, ಹೆಚ್ಚುಕಡಿಮೆ ಅಷ್ಟೇ ವೇಗದಲ್ಲಿ ಎತ್ತಲೇಬೇಕು. ಅಂದರೆ ಇಲ್ಲಿ ವೋಲ್ಟೇಜೂ ನಿಂತಿಲ್ಲ, ಕರೆಂಟೂ ನಿಂತಿಲ್ಲ, ನಿಂತಿರುವುದು ಸಾಮರ್ಥ್ಯ. ವೋಲ್ಟೇಜ್ ಇಳಿದರೆ ಗುಣಲಬ್ಧವನ್ನು ಉಳಿಸಿಕೊಳ್ಳಲು ಮೋಟಾರ್ ಹೆಚ್ಚು ಕರೆಂಟು ಎಳೆಯುತ್ತದೆ. 415 ವೋಲ್ಟ್ ತ್ರೀ ಫೇಸಿನಲ್ಲಿ 8 ಆಂಪಿಯರ್ ಎಳೆಯುವ 5 ಎಚ್‌ಪಿ ಮೋಟಾರು 350 ವೋಲ್ಟ್‌ಗೆ ಸರಿಸುಮಾರು ಒಂಬತ್ತೂವರೆ ಎಳೆಯುತ್ತದೆ. ಕರೆಂಟಿನ ವರ್ಗದ ಲೆಕ್ಕದಲ್ಲಿ ಕಾಯಿಲ್‌ನ ಬಿಸಿ ನೂರಕ್ಕೆ 40ರಷ್ಟು ಹೆಚ್ಚು. ಬೇಸಿಗೆಯಲ್ಲಿ ಎಲ್ಲರೂ ಒಟ್ಟಿಗೆ ಮೋಟಾರ್ ಹಾಕಿ ವೋಲ್ಟೇಜ್ ಕುಸಿದಾಗ ವೈಂಡಿಂಗ್ ಅಂಗಡಿಗೆ ಸುಗ್ಗಿಯಾಗುವುದು ಹೀಗೆ. ‘ಕರೆಂಟು ಕಡಿಮೆ ಬಂದು ಮೋಟಾರ್ ಸುಟ್ಟಿತು’ ಎನ್ನುತ್ತಾರೆ. ಕಡಿಮೆ ಬಂದದ್ದು ವೋಲ್ಟೇಜು. ಸುಟ್ಟದ್ದು ಹೆಚ್ಚಾದ ಕರೆಂಟು.

ಮೋಟಾರಿಗೆ ಬರಿಯ ಗುಣಾಕಾರವೂ ಸಾಲದು. ಅದರಲ್ಲಿ ವೋಲ್ಟೇಜಿನ ಏರಿಳಿತಕ್ಕಿಂತ ಕರೆಂಟಿನ ಏರಿಳಿತ ಸ್ವಲ್ಪ ಹಿಂದೆ ಬೀಳುತ್ತದೆ. ಎರಡೂ ಒಟ್ಟಿಗೆ ಹೆಜ್ಜೆ ಹಾಕದ ಕಾರಣ ಗುಣಲಬ್ಧವೆಲ್ಲ ಕೆಲಸವಾಗುವುದಿಲ್ಲ. ಎಷ್ಟು ಪಾಲು ಕೆಲಸಕ್ಕೆ ಬಂತು ಎನ್ನುವುದೇ ಪವರ್ ಫ್ಯಾಕ್ಟರ್. ತ್ರೀ ಫೇಸಿಗೆ 1.732ರಿಂದಲೂ ಗುಣಿಸಬೇಕು. 1.732, 415, 8 ಮತ್ತು ಪವರ್ ಫ್ಯಾಕ್ಟರ್ 0.8, ಎಲ್ಲ ಗುಣಿಸಿದರೆ 4600 ವಾಟ್. 5 ಎಚ್‌ಪಿ ಎಂದರೆ 3730 ವಾಟ್. ಉಳಿದದ್ದು ಮೋಟಾರಿನೊಳಗೇ ಬಿಸಿಯಾಗಿ ಹೋಗುತ್ತದೆ.

ಟಿಸಿಯಿಂದ (ಊರಿನ ಟ್ರಾನ್ಸ್‌ಫಾರ್ಮರಿನಿಂದ) ದೂರದ ತೋಟಗಳಿಗೆ ವೋಲ್ಟೇಜ್ ಕಡಿಮೆ ಸಿಗುವುದಕ್ಕೂ ದಾರಿಯ ತಂತಿಯ ರೋಧವೇ ಕಾರಣ. ಬಚ್ಚಲಿನ ಹತ್ತು ಮೀಟರ್ ವೈರಿಗೆ ಅರ್ಧ ಓಮ್ ಆದರೆ ನೂರಾರು ಕಿಲೋಮೀಟರಿಗೆ ಎಷ್ಟು? ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆ ಆರಂಭಿಸಿದವರ ಮುಂದೆ ಇದೇ ಲೆಕ್ಕವಿತ್ತು. ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹೋಗಬೇಕಿತ್ತು. ಬೆಂಗಳೂರಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಅವರು ವೋಲ್ಟೇಜನ್ನು 30,000ದ ಮಟ್ಟಕ್ಕೆ ಏರಿಸಿ ಕಳಿಸಿದರು.

ಲೆಕ್ಕ ಸುಲಭವಾಗಲೆಂದು ಎರಡೇ ತಂತಿಯ ಲೈನು, ಹೋಗಿ ಬರುವ ರೋಧ 100 ಓಮ್ ಎಂದುಕೊಳ್ಳೋಣ. 1000 ಕಿಲೋವಾಟ್ ಕಳಿಸಲು 30,000 ವೋಲ್ಟ್‌ನಲ್ಲಿ 33 ಆಂಪಿಯರ್ ಸಾಕು. ದಾರಿಯಲ್ಲಿ ಬಿಸಿಯಾಗಿ ಹೋಗುವುದು 110 ಕಿಲೋವಾಟ್, ಅಂದರೆ ಒಂಬತ್ತರಲ್ಲಿ ಒಂದು ಪಾಲು. 230 ವೋಲ್ಟ್‌ನಲ್ಲೇ ಕಳಿಸುತ್ತೇವೆಂದು ಹಟ ಹಿಡಿದಿದ್ದರೆ? ಕೋಲಾರದ ತುದಿಯಲ್ಲಿ ಎರಡೂ ತಂತಿಗಳನ್ನು ನೇರವಾಗಿ ಸೇರಿಸಿಬಿಟ್ಟರೂ 230 ಭಾಗ 100, ಅಂದರೆ 2.3 ಆಂಪಿಯರಿಗಿಂತ ಹೆಚ್ಚು ಹರಿಯುವುದಿಲ್ಲ. ತುದಿಯಲ್ಲಿ ಅತಿ ಹೆಚ್ಚು ಸಾಮರ್ಥ್ಯ ಸಿಗುವುದು ಅಲ್ಲಿಯ ರೋಧವೂ 100 ಓಮ್ ಇದ್ದಾಗ. ಆಗ ವೋಲ್ಟೇಜಿನ ಅರ್ಧ ದಾರಿಗೆ, ಅರ್ಧ ಗಣಿಗೆ. 115 ವೋಲ್ಟ್, 1.15 ಆಂಪಿಯರ್. ಹುಡುಗಿ ಗುಣಿಸಿ ನೋಡಿದಳು: ಶಿವನಸಮುದ್ರದ ಜಲಪಾತವನ್ನೆಲ್ಲ ತಿರುಗಿಸಿದರೂ ಇಡೀ ಚಿನ್ನದ ಗಣಿಗೆ ಮುಟ್ಟುವುದು 132 ವಾಟ್, 60 ವಾಟ್‌ನ ಎರಡು ಬಲ್ಬಿಗೆ ಸಾಕಾಗುವಷ್ಟು.